ಅಪ್ಪನ ವಿಮಾನ

2005ರಲ್ಲಿ ಅಪ್ಪ ಚನ್ನಗಿರಿಯಿಂದ ಬೆಂಗಳೂರಿಗೆ ಹೋಗಲು ಮೊದಲು ಹುಬ್ಬಳ್ಳಿಗೆ ಹೋದರು! ಬಸ್ಸಾದರೆ ನೇರ ಇತ್ತು. ಆದರೆ ಏರ್ ಡೆಕ್ಕನ್ ಏರುವ ಆಸೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಹಾರಿಸಲು ಶುರುಮಾಡಿದ ಅಗ್ಗದ ವಿಮಾನ, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಗುರುತು. ಒಳಗೆ ತಿಂಡಿಗೆ ಬೇರೆ ದುಡ್ಡು ಕೊಡಬೇಕಂತೆ ಎಂದು ಅವ್ವ ಮಂಡಕ್ಕಿ ಕಟ್ಟಿಕೊಟ್ಟಿದ್ದಳು. ಎಟಿಆರ್ ವಿಮಾನದ ಕಿಟಕಿಯಾಚೆ ತಿರುಗುವ ಪಂಖವನ್ನು ಅಪ್ಪ ವರ್ಷಗಟ್ಟಲೆ ಕೈಯಾಡಿಸಿ ವರ್ಣಿಸಿದರು. “ಮುಂದಿನ ಸಲ ನೀನೂ ಬಾ” ಎಂದಿದ್ದರು ಅವ್ವನಿಗೆ.

2007ರಲ್ಲಿ ಅದು ಕಿಂಗ್‌ಫಿಷರ್ ತೆಕ್ಕೆಗೆ ಹೋಯಿತು. ಮರುವರ್ಷ ಹೆಸರೂ ಅಳಿಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಆಮೇಲೆ ಅಪ್ಪ.

2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಯಿತು. ಜಗಳೂರಿಗೆ ದೂರ, ಹೊನ್ನಾಳಿ, ನ್ಯಾಮತಿ, ನಮಗೆ ಹತ್ತಿರ. ಅವ್ವನನ್ನು ಕರೆದೆ.

“ಕರೆದದ್ದು ಅವರು, ನೀನಲ್ಲ” ಎಂದಳು.