ರಾತ್ರಿಯ ಪಾಠ

ಪರದೇಶಕ್ಕೆ ಓದಲು ಹೊರಟವರಿಗೆ ಹಿತೈಷಿಗಳು ಮೂರು ಎಚ್ಚರಿಕೆಗಳನ್ನು ತಪ್ಪದೆ ಹೇಳುತ್ತಾರೆ: ಭಾಷೆ, ಊಟ, ಚಳಿ. ಸ್ಪೇನಿಗೆ ಹೊರಟ ನನಗೂ ಇವೆಲ್ಲ ಧಾರಾಳವಾಗಿ ದೊರೆತವು. ಆದರೆ ಅಲ್ಲಿ ಎಲ್ಲಕ್ಕಿಂತ ಮೊದಲು ನನ್ನನ್ನು ತಬ್ಬಿಬ್ಬುಗೊಳಿಸಿದ್ದು ಗಡಿಯಾರ. ಅದರ ವಿಷಯ ಯಾರೂ ಹೇಳಿರಲಿಲ್ಲ.

ನಾನು ಒಂದು ವರ್ಷ ಓದಿದ ಊರು ಸಲಮಾಂಕಾ. ಮ್ಯಾಡ್ರಿಡ್ ನಗರದ ವಾಯವ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರ. ಅಲ್ಲಿಯ ವಿಶ್ವವಿದ್ಯಾನಿಲಯ ಹುಟ್ಟಿದ್ದು 1218ರಲ್ಲಿ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ ಅದು. ಹಳೆಯ ಊರಿನ ಕಟ್ಟಡಗಳೆಲ್ಲ ಹೊಂಬಣ್ಣದ ಕಲ್ಲಿನವು. ವಿದ್ಯಾನಿಲಯದ ಮುಂಗೋಡೆಯ ಕೆತ್ತನೆಯ ಕಾಡಿನಲ್ಲಿ, ಒಂದು ತಲೆಬುರುಡೆಯ ಮೇಲೆ, ಪುಟ್ಟ ಕಪ್ಪೆಯೊಂದು ಕುಳಿತಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡವರು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆಂದು ಪ್ರತೀತಿ. ಕತ್ತು ನೋಯುವವರೆಗೆ ಹುಡುಕಿ ನಾನೂ ಕಂಡೆ. ಕಪ್ಪೆಯ ಕೃಪೆಯ ಜೊತೆಗೆ ಹತ್ತರಲ್ಲಿ ಐದು ಅಂಕಗಳೂ ಬೇಕೆಂಬುದು ತರಗತಿಗಳು ಆರಂಭವಾದ ಮೇಲೆ ತಿಳಿಯಿತು.

ಗಡಿಯಾರದ ಮಾತಿಗೆ ಬರುತ್ತೇನೆ. ಮಧ್ಯಾಹ್ನದ ಊಟ ಎರಡೂವರೆಗೆ; ರಾತ್ರಿಯ ಊಟ ಹತ್ತಕ್ಕೆ. ಎಂಟು ಗಂಟೆಗೆ ಹೋಟೆಲಿಗೆ ಹೋದರೆ ಅಡುಗೆಮನೆಯೇ ತೆರೆದಿರುವುದಿಲ್ಲ. ಇದನ್ನು ಸೋಮಾರಿತನವೆಂದು ನಗುವವರುಂಟು. ನಿಜವಾದ ಕಾರಣದಲ್ಲಿ ಸೂರ್ಯನ ಪಾಲೂ ಇದೆ. ಭೂಪಟದಲ್ಲಿ ಸ್ಪೇನಿನ ಬಹುಭಾಗ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ. ಆದರೂ 1940ರಲ್ಲಿ, ಫ್ರಾಂಕೋ ಆಳ್ವಿಕೆಯಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಹೊಂದಿಸಿದರು, ಮತ್ತೆ ಹಿಂದಿಡಲಿಲ್ಲ. ಬೇಸಗೆಯಲ್ಲಿ ಇನ್ನೊಂದು ಗಂಟೆ ಮುಂದಿಡುತ್ತಾರೆ. ಹೀಗಾಗಿ ಜೂನ್ ತಿಂಗಳಲ್ಲಿ ಸಲಮಾಂಕಾದ ಸೂರ್ಯ ಮುಳುಗುವಾಗ ರಾತ್ರಿ ಹತ್ತಾಗಲು ಕೆಲವೇ ನಿಮಿಷಗಳಿರುತ್ತವೆ. ಗಡಿಯಾರ ಏನೇ ಹೇಳಲಿ, ಹೊಟ್ಟೆ ಸೂರ್ಯನನ್ನೇ ನಂಬುತ್ತದೆ.

ಶಿವಮೊಗ್ಗದಲ್ಲಿ ಎಂಟಕ್ಕೆ ಉಂಡು ಹತ್ತಕ್ಕೆ ದೀಪ ಆರಿಸುವ ಮನೆಯಲ್ಲಿ ಬೆಳೆದವಳು ನಾನು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಮನೆ ಸೇರಬೇಕೆಂಬುದು ಅಪ್ಪ ಎಂದೂ ಬಾಯಿಬಿಟ್ಟು ಹೇಳದ, ನಾವು ಎಂದೂ ಮೀರದ ಕಟ್ಟಳೆ. ಇಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಇಬ್ಬರು ಸ್ಪ್ಯಾನಿಷ್ ಹುಡುಗಿಯರು ಹತ್ತೂವರೆಗೆ ತಲೆ ಬಾಚಿಕೊಂಡು, "ನಡೆ, ಗಡಿಯಾರದ ಕೆಳಗೆ ಎಲ್ಲರೂ ಕಾಯುತ್ತಿದ್ದಾರೆ" ಎನ್ನುತ್ತಿದ್ದರು. ಗಡಿಯಾರವೆಂದರೆ ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕದ್ದು. 1729ರಿಂದ 1755ರವರೆಗೆ ಕಟ್ಟಿದ ಆ ಚೌಕ ಊರಿನ ಅಂಗಳವಿದ್ದಂತೆ. ಮೊದಲ ತಿಂಗಳೆಲ್ಲ ನಾನು ಓದಿನ ನೆಪ ಹೇಳಿ ಉಳಿದೆ. ಓದು ನೆಪವಷ್ಟೇ ಆಗಿರಲಿಲ್ಲ. ಅಪ್ಪ ಸಾಲ ಮಾಡಿ ಕಳುಹಿಸಿದ್ದರು. ಆದರೆ ಮುಚ್ಚಿದ ಕಿಟಕಿಯೊಳಗೆ ಕುಳಿತು ಬೀದಿಯ ನಗೆಯನ್ನು ಕೇಳುವವರಿಗೆ ಪುಸ್ತಕವೂ ಒಲಿಯುವುದಿಲ್ಲ.

ಹೊರಟ ಮೊದಲ ರಾತ್ರಿ ನಾನು ಕಂಡದ್ದು ಕುಡಿತದ ರಂಪವನ್ನಲ್ಲ. ಅಜ್ಜ ಅಜ್ಜಿಯರು ಕಲ್ಲುಬೆಂಚುಗಳ ಮೇಲೆ ಹರಟುತ್ತಿದ್ದರು. ಮಕ್ಕಳು ಚೆಂಡು ಉರುಳಿಸುತ್ತಿದ್ದರು. ಕರಿಯ ನಿಲುವಂಗಿ ತೊಟ್ಟ ವಿದ್ಯಾರ್ಥಿಗಳ ತಂಡವೊಂದು ಗಿಟಾರ್ ನುಡಿಸುತ್ತ ಹಾಡುತ್ತಿತ್ತು. ಇವರಿಗೆ 'ತೂನಾ' ಎಂದು ಹೆಸರು, ಶತಮಾನಗಳ ಸಂಪ್ರದಾಯ. ಬಳಿಕ ವಾನ್ ಡೈಕ್ ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಸಾಗುತ್ತ, ಒಂದು ಲೋಟ, ಒಂದು ತುತ್ತು ತಿಂಡಿ. ನಾನು 'ಮೋಸ್ತೊ' ಕೇಳಿದೆ. ಅದು ಹುಳಿಯದ ದ್ರಾಕ್ಷಿರಸ. ಯಾರೂ ನಗಲಿಲ್ಲ. ಮಾಂಸ ಬೇಡವೆಂದಾಗ ಮಾತ್ರ ಅಂಗಡಿಯಾತ ಕನಿಕರದಿಂದ ಮೀನು ತಂದಿಟ್ಟ!

ಅಂಥ ರಾತ್ರಿಗಳಲ್ಲಿ ಹನ್ನೆರಡೂವರೆಗೆ ನನ್ನ ಫೋನು ಮೊಳಗುತ್ತಿತ್ತು. ಚಳಿಗಾಲದಲ್ಲಿ ಅದು ಶಿವಮೊಗ್ಗದ ಬೆಳಗಿನ ಐದು ಗಂಟೆ. ಅಮ್ಮ ಎದ್ದು ಬಾಗಿಲಿಗೆ ನೀರು ಹಾಕುವ ಹೊತ್ತು.

"ಇನ್ನೂ ಮಲಗಿಲ್ಲವೇನೇ?"

"ಈಗಷ್ಟೇ ಊಟವಾಯಿತಮ್ಮಾ. ಬೀದಿಯಲ್ಲಿದ್ದೇನೆ."

ಅಮ್ಮ ಕ್ಷಣಕಾಲ ಸುಮ್ಮನಾಗುತ್ತಿದ್ದಳು. "ಅಪ್ಪನಿಗೆ ಏನು ಹೇಳಲಿ?" ಎಂದಳು ಒಮ್ಮೆ. "ಇದ್ದದ್ದನ್ನೇ ಹೇಳಮ್ಮಾ. ಸುಳ್ಳು ಹೇಳಿದರೆ ಇಲ್ಲಿ ತಪ್ಪು ನಡೆಯುತ್ತಿದೆಯೆಂದು ಆಗುತ್ತದೆ" ಎಂದೆ. ಒಂದು ವಾರ ಅಪ್ಪ ನನ್ನೊಡನೆ ಮಾತನಾಡಲಿಲ್ಲ. ಎಂಟನೆಯ ದಿನ ತಾವೇ ಫೋನು ಹಿಡಿದು, "ಅಲ್ಲಿ ಬೀದಿದೀಪಗಳು ಚೆನ್ನಾಗಿವೆಯೇ?" ಎಂದಷ್ಟೇ ಕೇಳಿದರು. ಅವರ ಅನುಮತಿ ಹಾಗೆ ಬಂದಿತು.

ಆ ದೇಶದಲ್ಲಿ ಹೆಣ್ಣಿಗೆ ಭಯವೇ ಇಲ್ಲವೆಂದು ನಾನು ಹೇಳಲಾರೆ. ಚೌಕದಲ್ಲಿ ಬೀಳ್ಕೊಡುವಾಗ ಗೆಳತಿಯರು ತಪ್ಪದೆ ಹೇಳುತ್ತಿದ್ದ ಮಾತು, "ಮನೆ ತಲುಪಿದೊಡನೆ ತಿಳಿಸು" ಎಂಬುದು. ಮಾರ್ಚ್ 8ರಂದು ಮೆರವಣಿಗೆ ಹೊರಟ ಹೆಂಗಸರು ಕೂಗಿದ್ದೂ ಈ ಭಯವನ್ನು ಕುರಿತೇ. ಆದರೆ ಅವರು ಭಯಕ್ಕೆ ಹೆದರಿ ರಾತ್ರಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಬೀದಿಯಲ್ಲಿ ಅಜ್ಜಿಯರೂ ಮಕ್ಕಳೂ ಇರುವವರೆಗೆ ಕತ್ತಲೆಗೆ ಅರ್ಧ ಬಲ ಮಾತ್ರ. ಇದು ತರಗತಿಯಲ್ಲಿ ಕಲಿಸದ, ಅಂಕಗಳಿಲ್ಲದ ಪಾಠ.

ಪದವಿಪತ್ರದೊಂದಿಗೆ ನಾನು ಊರಿಗೆ ಮರಳಿ ಎರಡು ವರ್ಷಗಳಾದವು. ಸಾಲದ ಕಂತುಗಳನ್ನು ಈಗ ನಾನೇ ಕಟ್ಟುತ್ತಿದ್ದೇನೆ. ರಾತ್ರಿಯ ಊಟ ಮತ್ತೆ ಎಂಟಕ್ಕೇ. ಆದರೆ ಒಂಬತ್ತಕ್ಕೆ ಅಮ್ಮ ಸೆರಗು ಹೊದ್ದು ಚಪ್ಪಲಿ ಮೆಟ್ಟುತ್ತಾಳೆ. ನಾವಿಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರುತ್ತೇವೆ. ಕಳೆದ ತಿಂಗಳಿಂದ ಎದುರುಮನೆಯ ಅತ್ತೆ ಸೊಸೆಯರೂ ಜೊತೆಗೂಡಿದ್ದಾರೆ.