ಸದ್ಯಕ್ಕೆ ಸಂಕೇತ ಬಂದಿಲ್ಲ

2019ರ ಸೆಪ್ಟೆಂಬರ್ 6ರ ರಾತ್ರಿ ಬೆಸೆಂಟ್ ನಗರದ ನಮ್ಮ ಸರ್ಕಾರಿ ವಸತಿಗೃಹಗಳಲ್ಲಿ ಅನೇಕ ಮನೆಗಳ ದೀಪ ಆರಿರಲಿಲ್ಲ. ಎದುರುಮನೆಯ ತಮಿಳು ದಂಪತಿ ತಮ್ಮ ಟಿ.ವಿ. ಕೆಟ್ಟಿದೆಯೆಂದು ನಮ್ಮಲ್ಲಿಗೇ ಬಂದು ಕೂತಿದ್ದರು. ಚಂದ್ರಯಾನ-2ರ ಯೋಜನಾ ನಿರ್ದೇಶಕಿ ವನಿತಾ ಅವರು ಚೆನ್ನೈನವರು, ಇಸ್ರೋ ಅಧ್ಯಕ್ಷ ಶಿವನ್ ಅವರು ಕನ್ಯಾಕುಮಾರಿ ಜಿಲ್ಲೆಯವರು ಎಂಬ ಹೆಮ್ಮೆ ಅವರದು. ನಿಯಂತ್ರಣ ಕೇಂದ್ರ ಬೆಂಗಳೂರಿನದು, ಅಷ್ಟು ದೂರದ ಪಿಸುಮಾತನ್ನು ಹಿಡಿಯುವ 32 ಮೀಟರ್ ವ್ಯಾಸದ ಆಂಟೆನಾ ಇರುವುದು ಬ್ಯಾಲಾಳಿನಲ್ಲಿ ಎಂಬ ಹೆಮ್ಮೆ ನನ್ನದು. ಹನ್ನೊಂದು ವರ್ಷದ ಮಗಳು ಇಬ್ಬರ ವಾದವನ್ನೂ ಎರಡು ಭಾಷೆಗಳಲ್ಲಿ ಕೇಳಿಸಿಕೊಂಡು, ಕೊನೆಗೆ ಯಾರ ಪಕ್ಷವನ್ನೂ ವಹಿಸದೆ ಸೋಫಾದ ಮೇಲೆ ಕಾಲು ಮಡಚಿ ಕೂತಳು.

ನಡುರಾತ್ರಿ ಕಳೆದು 1 ಗಂಟೆ 38 ನಿಮಿಷಕ್ಕೆ ವಿಕ್ರಮ್ ಇಳಿಯಲು ತೊಡಗಿತು. ಚಂದ್ರನ ನೆಲದಿಂದ 30 ಕಿಲೋಮೀಟರ್ ಎತ್ತರ, ಸೆಕೆಂಡಿಗೆ 1,683 ಮೀಟರ್ ವೇಗ. ಹದಿನೈದು ನಿಮಿಷಗಳಲ್ಲಿ ಈ ವೇಗವೆಲ್ಲ ಕರಗಿ, ಅದು ಮೆಲ್ಲಗೆ ನೆಲ ಮುಟ್ಟಬೇಕು. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕೆಂಪು ಗೆರೆ ಅದು ಹೋಗಬೇಕಾದ ದಾರಿ. ಹಸಿರು ಗೆರೆ ಅದು ಹೋಗುತ್ತಿರುವ ದಾರಿ. ಬಹಳ ಹೊತ್ತು ಎರಡೂ ಒಂದರ ಮೇಲೊಂದು ಸಾಗಿದವು. ಆಮೇಲೆ ಹಸಿರು ಗೆರೆ ತುಸುವೇ ಪಕ್ಕಕ್ಕೆ ಸರಿದು, ಅಲ್ಲಿಯೇ ನಿಂತುಬಿಟ್ಟಿತು.

ಒಳಗಿದ್ದವರ ಮುಖಗಳು ಮೊದಲು ಮಾತಾಡಿದವು, ಶಿವನ್ ಅವರು ಆಮೇಲೆ. 2.1 ಕಿಲೋಮೀಟರ್ ಎತ್ತರದವರೆಗೆ ಇಳಿಯುವಿಕೆ ಸಹಜವಾಗಿತ್ತು, ತರುವಾಯ ಸಂಪರ್ಕ ತಪ್ಪಿತು, ದತ್ತಾಂಶವನ್ನು ಪರಿಶೀಲಿಸುತ್ತಿದ್ದೇವೆ ಎಂಬುದು ಅವರ ಹೇಳಿಕೆಯ ಸಾರ. ಮರುದಿನದ ಸುದ್ದಿಯಲ್ಲಿ ಇದು '2.1 ಕಿಲೋಮೀಟರ್ ಎತ್ತರದಲ್ಲಿ ಸಂಪರ್ಕ ಕಡಿತ' ಎಂದಾಗಿತ್ತು. ಹೇಳಿದ್ದು ಅದಲ್ಲ. ಅಲ್ಲಿಯವರೆಗೆ ಸರಿಯಿತ್ತು ಎನ್ನುವುದು ಬೇರೆ, ಅಲ್ಲಿಯೇ ತಪ್ಪಿತು ಎನ್ನುವುದು ಬೇರೆ. ಹಸಿರು ಗೆರೆಯಂತೂ ಅದಕ್ಕಿಂತ ಸಾಕಷ್ಟು ಕೆಳಗಿನವರೆಗೆ ಇಳಿದದ್ದನ್ನು ನಾವೆಲ್ಲ ಕಂಡಿದ್ದೆವು. ಇಂಥ ಸಣ್ಣ ವ್ಯತ್ಯಾಸಕ್ಕೆ ನನ್ನ ಮನಸ್ಸು ಅಂಟಿಕೊಳ್ಳುವುದಕ್ಕೆ ಕಾರಣವಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಆ ರಾತ್ರಿ ಬ್ಯಾಲಾಳಿನ ಜೊತೆಗೆ ಇನ್ನೊಂದು ಕಿವಿಯೂ ಚಂದ್ರನತ್ತ ತಿರುಗಿತ್ತು. ನೆದರ್‌ಲ್ಯಾಂಡ್ಸಿನ ಡ್ವಿಂಗೆಲೂ ಎಂಬಲ್ಲಿ 1956ರಲ್ಲಿ ಕಟ್ಟಿದ 25 ಮೀಟರಿನ ಹಳೆಯ ರೇಡಿಯೋ ದೂರದರ್ಶಕವೊಂದನ್ನು ಈಗ ಹವ್ಯಾಸಿಗಳು ನೋಡಿಕೊಳ್ಳುತ್ತಾರೆ. ಅವರು ವಿಕ್ರಮ್‌ನ ಸಂಕೇತವನ್ನು ಹಿಡಿದರು. ಅದರೊಳಗಿನ ಮಾಹಿತಿಯನ್ನು ಬಿಡಿಸಿ ಓದುವ ಅಗತ್ಯ ಅವರಿಗಿರಲಿಲ್ಲ. ಆದರೆ ಸಂಕೇತದ ಆವರ್ತನ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು, ಆ ಬದಲಾವಣೆಯೊಂದೇ ಸಾಕಾಗಿತ್ತು. ನನ್ನೂರು ಅರಸೀಕೆರೆ, ರೈಲು ಜಂಕ್ಷನ್ನು. ಪ್ಲಾಟ್‌ಫಾರಂ ಬದಿಯಲ್ಲಿ ಬೆಳೆದ ನಮಗೆ, ನಿಲ್ಲದೆ ಹೋಗುವ ಗಾಡಿಯ ಸೀಟಿ ಬರುವಾಗ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ ಎಂಬುದು ಡಾಪ್ಲರ್ ಎಂಬ ಹೆಸರು ಗೊತ್ತಾಗುವ ಮೊದಲೇ ಗೊತ್ತಿತ್ತು. ವಿಕ್ರಮ್‌ನ ಸ್ವರದ ಏರಿಳಿತದಿಂದ ಅದರ ವೇಗ ಹೇಗೆ ಇಳಿಯುತ್ತಿದೆಯೆಂದು ಆ ಡಚ್ಚರು ಗೆರೆ ಎಳೆದರು. ಗೆರೆ ಬಾಗುತ್ತ ಬಂದು, ಥಟ್ಟನೆ ಮುಗಿಯಿತು. ಆ ಚಿತ್ರವನ್ನು ನಾನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಒಂದು ಅಕ್ಷರವೂ ಇಲ್ಲದ ಸಂದೇಶವನ್ನು ನೋಡಿದ್ದು ಅದು ನನಗೆ ಎರಡನೆಯ ಸಲ.

ಮೊದಲನೆಯದು 2015ರ ಡಿಸೆಂಬರಿನಲ್ಲಿ.

ಆಗ ನಾವಿದ್ದದ್ದು ಜಾಫರ್‌ಖಾನ್‌ಪೇಟೆಯಲ್ಲಿ, ಅಡ್ಯಾರ್ ನದಿಗೆ ಬಹಳ ದೂರವಲ್ಲದ ಒಂದು ಬಾಡಿಗೆ ಮನೆಯ ನೆಲಮಹಡಿಯಲ್ಲಿ. ನಾನು ಇಲಾಖೆಯ ತರಬೇತಿಗೆಂದು ದೆಹಲಿಗೆ ಹೋಗಿದ್ದೆ. ಮನೆಯಲ್ಲಿ ಹೆಂಡತಿ, ಏಳು ವರ್ಷದ ಮಗಳು, ಮಂಡಿನೋವಿನ ಅಪ್ಪ. ಡಿಸೆಂಬರ್ 1ರಂದು ಮಳೆ ನಿಲ್ಲಲಿಲ್ಲ. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿಯಷ್ಟು ನೀರು ಬಿಟ್ಟರು. ರಾತ್ರಿ ಒಂಬತ್ತರ ಹೊತ್ತಿಗೆ ಹೆಂಡತಿ ಕರೆ ಮಾಡಿ, "ರೀ, ಗೇಟಿನ ಹತ್ರ ನೀರು ಬಂದಿದೆ, ಮೇಲೆ ಓನರ್ ಮನೆಗೆ ಹೋಗ್ತೀವಿ" ಎಂದಳು. ಆಮೇಲೆ ಆ ಊರೇ ಮೌನವಾಯಿತು. ವಿದ್ಯುತ್ತಿಲ್ಲ, ಮೊಬೈಲ್ ಗೋಪುರಗಳಿಗೆ ಜೀವವಿಲ್ಲ. ಮರುದಿನ 'ದಿ ಹಿಂದೂ' ಪತ್ರಿಕೆಯೇ ಚೆನ್ನೈನಲ್ಲಿ ಹೊರಬರಲಿಲ್ಲ. 1878ರಿಂದ ಹಾಗಾದದ್ದು ಅದೇ ಮೊದಲಂತೆ.

ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ ನನ್ನ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು. 044ರಿಂದ ಶುರುವಾಗುವ, ನಾನರಿಯದ ಸ್ಥಿರದೂರವಾಣಿಯ ಸಂಖ್ಯೆ. ತಿರುಗಿ ಮಾಡಿದರೆ ಸದ್ದಿಲ್ಲ. ಹತ್ತು ಸಲ, ನಲವತ್ತು ಸಲ ಮಾಡಿದೆ.

ಇಂಗ್ಲಿಷ್ ಎಂ.ಎ. ಓದಿದವನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಪಠ್ಯದಲ್ಲಿ ಇರುವುದಕ್ಕಿಂತ ಹೆಚ್ಚನ್ನು ಓದಿದರೇ ಅವನಿಗೆ ಅಂಕ ಸಿಕ್ಕುವುದು. ನಾನು ಆ ಒಂದು ರಿಂಗನ್ನು ಓದಲು ಕೂತೆ. ನನ್ನ ಸಂಖ್ಯೆ ಬಾಯಿಪಾಠ ಇರುವುದು ಚೆನ್ನೈನಲ್ಲಿ ನನ್ನ ಹೆಂಡತಿಗೆ ಮಾತ್ರ. ಆದ್ದರಿಂದ ಮಾಡಿದವಳು ಅವಳೇ. ತರಬೇತಿಗೆ ಬಂದಿದ್ದ ದೂರಸಂಪರ್ಕ ಇಲಾಖೆಯವರೊಬ್ಬರನ್ನು ಬೆಳಿಗ್ಗೆಯೇ ಎಬ್ಬಿಸಿ ಕೇಳಿದಾಗ, ಮೊದಲ ಅಂಕಿಗಳನ್ನು ನೋಡಿ ಇದು ಕೆ.ಕೆ. ನಗರದ ಕಡೆಯ ಎಕ್ಸ್‌ಚೇಂಜ್ ಇರಬಹುದು ಎಂದರು. ಅಂದರೆ ನದಿಯಿಂದ ದೂರ ಬಂದಿದ್ದಾರೆ. ಫೋನು ಮಾಡಲು ಬಿಡುವಾಗಿದೆ ಎಂದರೆ ಅಪಾಯ ದಾಟಿದೆ. ಅಪ್ಪನನ್ನೂ ಮಗುವನ್ನೂ ಬಿಟ್ಟು ಅವಳು ಬರುವವಳಲ್ಲ. ಆದ್ದರಿಂದ ಮೂವರೂ ಕ್ಷೇಮ. ತರ್ಕ ಎಷ್ಟು ಚೆನ್ನಾಗಿತ್ತೆಂದರೆ ನನಗೆ ನನ್ನ ಮೇಲೇ ಮೆಚ್ಚುಗೆ ಹುಟ್ಟಿತು. ಅರಸೀಕೆರೆಯಲ್ಲಿದ್ದ ಅಕ್ಕನಿಗೆ ಫೋನು ಮಾಡಿ, "ಮೂರೂ ಜನ ಸೇಫ್ ಆಗಿದ್ದಾರೆ ಕಣೇ, ಫೋನ್ ಬಂದಿತ್ತು" ಎಂದೆ. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿ, ಬಂಧುಗಳಿಗೆಲ್ಲ ತಿಳಿಸಿದಳು. 'ಫೋನ್ ಬಂದಿತ್ತು' ಎಂಬುದು ಸುಳ್ಳಲ್ಲ. ಆದರೆ ಆ ಮಾತಿನಲ್ಲಿ ಅವಳಿಗೆ ನನ್ನ ಹೆಂಡತಿಯ ದನಿ ಕೇಳಿಸಿತು. ಕೇಳಿಸಲಿ ಎಂದೇ ನಾನೂ ಹಾಗೆ ಹೇಳಿದ್ದೆನೇನೋ.

3ನೇ ತಾರೀಕು ಸಂಜೆ ಹೆಂಡತಿಯಿಂದ, ಯಾರದೋ ಮೊಬೈಲಿನಿಂದ ಒಂದು ಎಸ್ಸೆಮ್ಮೆಸ್ಸು ಬಂತು. ಮೂರೇ ಪದ: "ಮಾವ ಈಗ ಬಂದ್ರು."

ಆ 'ಈಗ' ಎಂಬ ಪದವನ್ನು ನಾನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ನಡೆದದ್ದು ಇಷ್ಟು. ಆ ರಾತ್ರಿ ಬೀದಿಯ ಹುಡುಗರು ಒಂದು ಲಾರಿ ತಂದು ಹೆಂಗಸರನ್ನೂ ಮಕ್ಕಳನ್ನೂ ಹತ್ತಿಸಿಕೊಂಡಿದ್ದರು. ಜಾಗ ಸಾಲಲಿಲ್ಲ. ಕತ್ತಲಲ್ಲಿ, ಎದೆಮಟ್ಟದ ನೀರಿನಲ್ಲಿ ತಾನು ನಡೆದು ಲಾರಿ ಮುಟ್ಟಲಾರೆ ಎಂದು ಅಪ್ಪ ಮನೆಯೊಡೆಯರ ಜೊತೆ ಮಹಡಿಯಲ್ಲೇ ಉಳಿದರು. ಒಡೆಯರ ನಂಟರ ಮನೆಯಿಂದ ನನ್ನ ಹೆಂಡತಿ ಫೋನು ಮಾಡಿದ್ದು ಕ್ಷೇಮ ಹೇಳುವುದಕ್ಕಲ್ಲ, "ಮಾವನವರು ಅಲ್ಲೇ ಇದ್ದಾರೆ, ಯಾರಿಗಾದರೂ ಹೇಳಿ ಕಳಿಸಿ" ಎನ್ನುವುದಕ್ಕೆ. ಒಂದು ರಿಂಗಿಗೆ ಲೈನು ಸತ್ತುಹೋಯಿತು. ಅಪ್ಪ ಎರಡು ರಾತ್ರಿ ತಾರಸಿಯ ಮೆಟ್ಟಿಲ ಕೋಣೆಯಲ್ಲಿ ಕಳೆದಿದ್ದರು, ರಕ್ತದೊತ್ತಡದ ಮಾತ್ರೆಗಳು ಕೆಳಗೆ ನೀರಿನಲ್ಲಿದ್ದವು. ಅವರನ್ನು ಕರೆತಂದವರು ಕಡಲ ಕಡೆಯಿಂದ ತಮ್ಮ ದೋಣಿಗಳನ್ನು ಊರೊಳಗೆ ತಂದಿದ್ದ ಮೀನುಗಾರರು. ದೆಹಲಿಯಲ್ಲಿ ಕೂತು ನಾನು ಯಾರಿಗೂ ಹೇಳಿ ಕಳಿಸಲಿಲ್ಲ. ಸಹಾಯವಾಣಿಯ ಪಟ್ಟಿಗಳು ಅಂತರ್ಜಾಲದಲ್ಲಿ ಓಡಾಡುತ್ತಿದ್ದವು. ನನಗೆ ಅವುಗಳ ಅಗತ್ಯವಿದೆಯೆಂದು ಅನ್ನಿಸಲೇ ಇಲ್ಲ. ಮೂವರೂ ಕ್ಷೇಮವಲ್ಲವೇ!

ವಿಮಾನ ನಿಲ್ದಾಣ ಮುಚ್ಚಿತ್ತು. ಬೆಂಗಳೂರಿಗೆ ಬಂದು, ಬಸ್ಸು ಹಿಡಿದು 4ರಂದು ಮನೆಯವರನ್ನು ಮುಟ್ಟಿದೆ. ಅಪ್ಪ ಬೈಯಲಿಲ್ಲ. ಅವರು ಅರಸೀಕೆರೆಯ ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಮೋರ್ಸ್ ಕೇಳಿದವರು. ಕಟ್ಟೆ ಕಡ ಸದ್ದಿನಲ್ಲೇ, ಇದು ತಿಪಟೂರಿನವರ ಕೈ, ಇದು ಬೀರೂರಿನವರ ಕೈ ಎಂದು ಗುರುತು ಹಿಡಿಯುತ್ತಿದ್ದರು. ನಾನು ನನ್ನ ತರ್ಕವನ್ನು ವಿವರಿಸಿದೆ. ಸಾವಧಾನವಾಗಿ ಕೇಳಿ, "ಕೇಳಿಸದೇ ಇದ್ದ ಪದಾನ ನಾವು ತುಂಬೋ ಹಾಗಿರಲಿಲ್ಲಪ್ಪ. ಆರ್‌ಪಿಟಿ ಅಂತ ಹೊಡೆದು ಮತ್ತೆ ಕೇಳ್ಬೇಕಿತ್ತು" ಎಂದರು. ಮತ್ತೆ ಕಳಿಸಿ ಎಂಬುದಕ್ಕೆ ತಂತಿಯವರ ಸಂಕ್ಷೇಪ ಅದು. ಆಮೇಲೆ ತಮ್ಮದೇ ಸಮಾಧಾನಕ್ಕೆಂಬಂತೆ, "ನೀನಾದ್ರೂ ಯಾರನ್ನ ಕೇಳ್ಬೇಕಿತ್ತು, ಲೈನೇ ಇರಲಿಲ್ಲವಲ್ಲ" ಎಂದರು. ಆ ಚಳಿಗಾಲದ ನಂತರ ಅವರ ಎದೆ ಪೂರ್ತಿ ಸರಿಹೋಗಲಿಲ್ಲ. 2018ರಲ್ಲಿ ತೀರಿಕೊಂಡರು. ತಾರಸಿಯ ಆ ಎರಡು ರಾತ್ರಿಗಳೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ಹೀಗಾಗಿ ವಿಕ್ರಮ್ ಕಳೆದುಹೋದ ಮೇಲಿನ ದಿನಗಳನ್ನು ನಾನು ಬೇರೆಯವರಂತೆ ನೋಡಲಾರದೆ ಹೋದೆ. ಕಕ್ಷೆಯಲ್ಲಿದ್ದ ನಮ್ಮದೇ ಆರ್ಬಿಟರ್ ವಿಕ್ರಮ್ ಇರುವ ಜಾಗವನ್ನು ಗುರುತಿಸಿದೆ ಎಂದು ಇಸ್ರೋ ಹೇಳಿತು. ಲ್ಯಾಂಡರು ಚೂರಾಗಿಲ್ಲ, ಇಡಿಯಾಗಿದೆ, ವಾಲಿಕೊಂಡಿದೆ ಎಂದು ಹೆಸರು ಹೇಳದ ಅಧಿಕಾರಿಯೊಬ್ಬರ ಮಾತಾಗಿ ಪತ್ರಿಕೆಗಳು ಬರೆದವು. ನಮ್ಮ ಕಚೇರಿಯಲ್ಲಿ ಸಿಹಿ ಹಂಚುವುದೊಂದು ಬಾಕಿ. ಅಕ್ಕ ಹಚ್ಚಿದ ತುಪ್ಪದ ದೀಪ ನನ್ನ ಕಣ್ಣಮುಂದೆ ಬಂತು. ಸೆಪ್ಟೆಂಬರ್ 21ರ ಹೊತ್ತಿಗೆ ಅಲ್ಲಿ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ಇಸ್ರೋ ಕರೆಯುತ್ತಲೇ ಇತ್ತು. ಅಮೆರಿಕದವರೂ ತಮ್ಮ ದೊಡ್ಡ ಆಂಟೆನಾಗಳಿಂದ ಕೂಗಿದರು. ಆ ಕೂಗು ಚಂದ್ರನಿಗೆ ತಾಗಿ ಮರಳಿದ ಪ್ರತಿಧ್ವನಿಯನ್ನು ಕೆನಡಾದ ಸ್ಕಾಟ್ ಟಿಲ್ಲಿ ಎಂಬ ಹವ್ಯಾಸಿ ಹಿಡಿದರು. 2005ರಲ್ಲಿ ಮೌನವಾಗಿದ್ದ ನಾಸಾದ 'ಇಮೇಜ್' ಉಪಗ್ರಹ ಇನ್ನೂ ಮಾತಾಡುತ್ತಿದೆ ಎಂದು 2018ರಲ್ಲಿ ಪತ್ತೆಹಚ್ಚಿದವರೂ ಇವರೇ, ಅದೂ ಬೇರೊಂದು ಉಪಗ್ರಹವನ್ನು ಹುಡುಕುವಾಗ. ಹನ್ನೆರಡು ವರ್ಷದ ಮೇಲೆ ಮಾತಾಡಿದ್ದೂ ಉಂಟು ಎಂದು ಮಗಳಿಗೆ ಹೇಳಿದೆ. ಹೇಳಬಾರದಿತ್ತು; ಅವಳು ದಿನಾ ಕೇಳತೊಡಗಿದಳು.

ಉತ್ತರ ನಮ್ಮ ಊರಿನಿಂದಲೇ ಬಂತು. ಚೆನ್ನೈನಲ್ಲಿ ಎಂಜಿನಿಯರ್ ಆಗಿದ್ದ ಷಣ್ಮುಗ ಸುಬ್ರಮಣಿಯನ್, ನಾಸಾದ ಎಲ್‌ಆರ್‌ಒ ನೌಕೆ ಸೆಪ್ಟೆಂಬರ್ 17ರಂದು ತೆಗೆದ ಚಿತ್ರವನ್ನು ಅದೇ ಜಾಗದ ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೋಲಿಸಿದರು. ಹಿಂದಿಲ್ಲದ ಒಂದು ಬೆಳ್ಳನೆ ಚುಕ್ಕೆ ಸಿಕ್ಕಿತು. ಒಂದೇ ಪಿಕ್ಸೆಲ್, ನೆಲದ ಮೇಲೆ 1.3 ಮೀಟರ್. ಅದು ಧೂಳಿರಬಹುದು, ಬಂಡೆಯಿರಬಹುದು, ಕ್ಯಾಮೆರಾದ ದೋಷವಿರಬಹುದು. ಅವರು ನಾಸಾಕ್ಕೆ ಬರೆದು ಕೇಳಿದರು. ನಾಸಾದವರೂ ಕೂಡಲೇ ಹೌದೆನ್ನಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಚಿತ್ರ ತೆಗೆದರು, ನವೆಂಬರ್ 11ರಂದು ಇನ್ನೊಮ್ಮೆ. ಬೆಳಕು ಚೆನ್ನಾಗಿದ್ದ ಆ ಕೊನೆಯ ಚಿತ್ರದಲ್ಲಿ ಬಿದ್ದ ಜಾಗದ ಗುಳಿ, ಸುತ್ತ ಚೆಲ್ಲಿದ ತುಣುಕುಗಳು ಕಂಡವು. ಷಣ್ಮುಗ ಅವರು ಮೊದಲು ಕಂಡ ಚುಕ್ಕೆ ಮುಖ್ಯ ಜಾಗದಿಂದ ಸುಮಾರು 750 ಮೀಟರ್ ವಾಯವ್ಯಕ್ಕೆ ಸಿಡಿದಿದ್ದ ಒಂದು ಚೂರು. ಡಿಸೆಂಬರ್ ಮೊದಲ ವಾರ ನಾಸಾ ಅವರ ಹೆಸರನ್ನು ಹೇಳಿ ಪ್ರಕಟಿಸಿತು. ಎದುರುಮನೆಯವರು ಮೈಸೂರುಪಾಕು ತಂದುಕೊಟ್ಟರು. ಜಾಗವನ್ನು ನಾವು ಮೊದಲೇ ಕಂಡಿದ್ದೆವಲ್ಲ ಎಂದು ಇಸ್ರೋ ಹೇಳಿದ್ದೂ ಸರಿಯೇ. ನನಗೆ ಆ ವಾದಕ್ಕಿಂತ, ಒಂದು ಚುಕ್ಕೆಯನ್ನು ಹಿಡಿದುಕೊಂಡು ಎರಡು ತಿಂಗಳು 'ಇರಬಹುದು' ಎಂಬಲ್ಲೇ ನಿಂತ ಆ ತಾಳ್ಮೆ ದೊಡ್ಡದಾಗಿ ಕಂಡಿತು.

ವಿಕ್ರಮ್ ಬಿದ್ದದ್ದೇಕೆ ಎಂಬುದು ತಿಳಿದದ್ದೂ ಅದು ಸಾಯುವ ಮುನ್ನ ಕಳಿಸಿದ್ದ ದತ್ತಾಂಶದಿಂದಲೇ. ಎಂಜಿನ್ನುಗಳ ನೂಕು ಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು, ತಪ್ಪು ತಪ್ಪಿಗೆ ಕೂಡುತ್ತ ಹೋಯಿತು, ತಿದ್ದಿಕೊಳ್ಳಲು ಬೇಕಾದಷ್ಟು ಬೇಗ ತಿರುಗಲು ತಂತ್ರಾಂಶವೇ ಬಿಡಲಿಲ್ಲ, ಇಳಿಯಲು ಕೊಟ್ಟಿದ್ದ ಜಾಗವೂ 500 ಮೀಟರ್ ಚೌಕದ ಇಕ್ಕಟ್ಟು. ಮುಂದಿನ ಸಲ ಆ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಏನಾಯಿತೆಂದು ಎಲ್ಲರಿಗೂ ಗೊತ್ತಿದೆ. ಈ ಸಲ ಯೋಜನಾ ನಿರ್ದೇಶಕರು ವಿಳುಪ್ಪುರದ ವೀರಮುತ್ತುವೇಲ್ ಅವರಾದ್ದರಿಂದ ಎದುರುಮನೆಯಲ್ಲಿ ಪಾಯಸ. ನನಗೆ ನೆನಪಾಗುವುದು ಅದರ ಮುಂದಿನ ತಿಂಗಳು. ಹದಿನಾಲ್ಕು ದಿನದ ರಾತ್ರಿ ಕಳೆದು ಚಂದ್ರನ ಮೇಲೆ ಮತ್ತೆ ಬೆಳಕಾದಾಗ, ಸೆಪ್ಟೆಂಬರ್ 22ರಂದು, ನಿದ್ದೆಯಲ್ಲಿದ್ದ ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ಎಬ್ಬಿಸಲು ಪ್ರಯತ್ನ ನಡೆಯಿತು. ಅಂದು ಸಂಜೆ ಇಸ್ರೋ ಹೊರಡಿಸಿದ ಪ್ರಕಟಣೆ ಚಿಕ್ಕದು: ಸಂಪರ್ಕಕ್ಕೆ ಪ್ರಯತ್ನಿಸಿದ್ದೇವೆ, ಸದ್ಯಕ್ಕೆ ಸಂಕೇತ ಬಂದಿಲ್ಲ, ಪ್ರಯತ್ನ ಮುಂದುವರಿಯುತ್ತದೆ. ಅಪ್ಪ ಇದ್ದಿದ್ದರೆ ಅದನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದರು.

ಹದಿನೈದು ವರ್ಷದವಳಾಗಿದ್ದ ಮಗಳು ಟ್ಯೂಷನ್ನಿನಿಂದ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದಳು, "ಅಪ್ಪಾ, ಎದ್ದಿದೆಯಂತಾ?"

"ಸದ್ಯಕ್ಕೆ ಸಂಕೇತ ಬಂದಿಲ್ಲ" ಎಂದೆ.

"ಅಂದ್ರೆ ಇಲ್ಲ ಅಂತಾನಾ?"

"ಸಂಕೇತ ಬಂದಿಲ್ಲ ಅಂತ" ಎಂದೆ. ಅವಳು ಕೈಕಾಲು ತೊಳೆಯಲು ಒಳಗೆ ಹೋದಳು.