ಮ್ಯಾಗ್ನೆಟಿಕ್ ಫೀಲ್ಡ್ ಯಾವುದ್ರಪ್ಪಾ?

ಹೋದ ಸೆಮ್‌ನ ಲ್ಯಾಬ್ ವೈವಾ. ಸಿಆರ್‌ಒ ಮೇಲೆ ಬಿ-ಎಚ್ ಕರ್ವ್ ಚೆನ್ನಾಗಿ ಮೂಡಿತ್ತು. ರೀಡಿಂಗ್ ಬರೆದಾಯ್ತು, ಇನ್ನೇನು ಹೊರಡೋಣ ಅನ್ನುವಾಗ ಸರ್ ಕೇಳಿದ್ರು: "ಇದರಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಯಾವುದ್ರಪ್ಪಾ?" ನಮ್ಮ ಬ್ಯಾಚಲ್ಲಿ ನಾಲ್ಕು ಜನ. ಇಬ್ಬರು ಬಿ ಅಂದ್ವಿ, ಇಬ್ಬರು ಎಚ್ ಅಂದ್ವಿ. "ಎರಡಕ್ಕೂ ಏನು ಸಂಬಂಧ?" ಅಂದ್ರು. "ಬಿ ಈಕ್ವಲ್ಸ್ ಮ್ಯೂ ಎಚ್" ಅಂತ ನಾಲ್ಕೂ ಜನ ಒಟ್ಟಿಗೆ ಒದರಿದ್ವಿ. "ಹಾಗಾದ್ರೆ ಇಲ್ಲಿ ಎಚ್ ಸೊನ್ನೆ ಆದ್ರೂ ಬಿ ಯಾಕೆ ಸೊನ್ನೆ ಆಗಿಲ್ಲ?" ಅಂತ ಪರದೆ ತೋರಿಸಿದ್ರು. ನಮ್ಮ ಬಾಯಿ ಬಂದ್.

ರಾತ್ರಿ ಹಾಸ್ಟೆಲ್‌ನಲ್ಲಿ ಪುಸ್ತಕ ತೆಗೆದ್ವಿ. ಫಸ್ಟ್ ಇಯರ್ ಫಿಸಿಕ್ಸ್ ಪುಸ್ತಕದಲ್ಲಿ ಬಿ ಮ್ಯಾಗ್ನೆಟಿಕ್ ಫೀಲ್ಡ್. ಈ ವರ್ಷದ ಪುಸ್ತಕದಲ್ಲಿ ಎಚ್ ಮ್ಯಾಗ್ನೆಟಿಕ್ ಫೀಲ್ಡ್, ಬಿ ಬರೀ ಫ್ಲಕ್ಸ್ ಡೆನ್ಸಿಟಿ. ಎರಡನ್ನೂ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ವಿ. ಜಗಳ ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ.

ಇಂಜಿನಿಯರ್ ಕೈಯಲ್ಲಿರೋದು ಕರೆಂಟ್. ಅರ್ಧ ಮೀಟರ್ ಸುತ್ತಳತೆಯ ಉಂಗುರದಂಥ ಕೋರ್‌ಗೆ 200 ಸುತ್ತು ತಂತಿ ಸುತ್ತಿ 1 ಆಂಪಿಯರ್ ಬಿಟ್ರೆ ಎಚ್ ಮೀಟರಿಗೆ 400 ಆಂಪಿಯರ್. ಒಳಗೆ ಮರ ಇರಲಿ, ಕಬ್ಬಿಣ ಇರಲಿ, ಅದು 400 ಅಷ್ಟೇ. ಆದ್ರೆ ಬಿ ಹಾಗಲ್ಲ. ಮರ ಇದ್ರೆ ಸುಮಾರು 0.5 ಮಿಲಿಟೆಸ್ಲಾ, ಒಳ್ಳೆ ಕಬ್ಬಿಣ ಇದ್ರೆ 1 ಟೆಸ್ಲಾ ಆಸುಪಾಸು. ನಾವು ಕೊಟ್ಟಿದ್ದು ಎಚ್. ಅದಕ್ಕೆ ಕಬ್ಬಿಣದ ಅಣುಗಳು ತಮ್ಮದನ್ನೂ ಸೇರಿಸಿದ ಮೇಲೆ ಆಗಿದ್ದು ಬಿ. ಕರೆಂಟ್ ಆಫ್ ಮಾಡಿದ್ರೆ ನಮ್ಮ ಪಾಲು ಹೋಯ್ತು, ಕಬ್ಬಿಣದ ಪಾಲು ಸ್ವಲ್ಪ ಉಳೀತು. ಸರ್ ತೋರಿಸಿದ್ದು ಅದನ್ನೇ. ಕಬ್ಬಿಣಕ್ಕೆ ಹಿಂದಿನದು ನೆನಪಿರುತ್ತೆ, ಒಂದು ಮ್ಯೂನಿಂದ ಗುಣಿಸಿದ್ರೆ ಆ ನೆನಪು ಬರಲ್ಲ.

ಫಿಸಿಕ್ಸ್‌ನವರು ಎಲೆಕ್ಟ್ರಾನ್ ಕಡೆಯಿಂದ ನೋಡ್ತಾರೆ. ಓಡೋ ಎಲೆಕ್ಟ್ರಾನನ್ನು ತಳ್ಳೋದು ಬಿ. ಯಾರ ಪಾಲು ಎಷ್ಟು ಅಂತ ಅದಕ್ಕೆ ಬೇಕಿಲ್ಲ. ಹಾಗಾಗಿ ಅವರಿಗೆ ನಿಜವಾದದ್ದು ಬಿ, ಎಚ್ ಲೆಕ್ಕಕ್ಕೆ ಅನುಕೂಲ ಅಷ್ಟೇ.

ಖಾಲಿ ಜಾಗದಲ್ಲಿ ಹೋಗೋ ರೇಡಿಯೋ ತರಂಗದಲ್ಲೂ ಇದೇ ಕಥೆ. ಇಂಜಿನಿಯರ್ ಇ-ಯನ್ನು ಎಚ್‌ನಿಂದ ಭಾಗಿಸಿದ್ರೆ ಸುಮಾರು 377 ಓಮ್ ಬರುತ್ತೆ, ಆಂಟೆನಾದವರಿಗೆ ಬೇಕಾದ್ದು. ಫಿಸಿಕ್ಸ್‌ನವರು ಅದೇ ಇ-ಯನ್ನು ಬಿ-ಯಿಂದ ಭಾಗಿಸಿದ್ರೆ ಬೆಳಕಿನ ವೇಗ ಬರುತ್ತೆ. ತರಂಗ ಒಂದೇ, ಕೇಳಿದ ಪ್ರಶ್ನೆ ಬೇರೆ.

ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ 'ಇಂಟೆನ್ಸಿಟಿ', 'ಡೆನ್ಸಿಟಿ' ಅಂತ ಹೇಳಿಬಿಟ್ರೆ ಅರ್ಥ ಆಗಿದೆ ಅನ್ನಿಸ್ತಿತ್ತು. ಇದನ್ನ ಕನ್ನಡದಲ್ಲಿ ಬರೆಯೋಕೆ ಕೂತಾಗ ಆ ಪದಗಳ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಆಗಲಿಲ್ಲ. ಯಾರು ಕೊಟ್ಟದ್ದು, ಏನಾಯ್ತು ಅಂತ ಹೇಳಲೇಬೇಕಾಯ್ತು.

ರೆಕಾರ್ಡ್‌ಗೆ ಸಹಿ ಹಾಕಿಸೋಕೆ ಹೋದಾಗ ಸರ್ ಏನೂ ಕೇಳಲಿಲ್ಲ. ನಾವೇ ಹೇಳಿದ್ವಿ.